ತ್ರಯೋದಶಿಯ ರಾತ್ರಿ ಕಾಣುವ ರಾಮನ್

ಚಂದ್ರನ ಮೇಲೆ ರಾಮನ್ ಎಂಬ ಹೆಸರಿನ ಕುಳಿ ಇದೆ. ಫೆಬ್ರುವರಿ 28ರಂದು ಪ್ರತಿ ಕಾಲೇಜಿನಲ್ಲೂ ಹಾರ ಹಾಕಿಸಿಕೊಳ್ಳುವ ಸರ್ ಸಿ.ವಿ. ರಾಮನ್ ಅವರದೇ ಹೆಸರು. ಅಗಲ ಸುಮಾರು 10 ಕಿಲೋಮೀಟರ್, ಸೈಕಲ್ ಮೇಲೆ ಮುಕ್ಕಾಲು ತಾಸಿನ ದಾರಿ. ಹುಣ್ಣಿಮೆಯ ರಾತ್ರಿ ಚಂದ್ರ ಎಷ್ಟೇ ಬೆಳಗಿದರೂ ಈ ಕುಳಿಯನ್ನು ಗುರುತಿಸುವುದು ಬಲು ಕಷ್ಟ. ಶುಕ್ಲಪಕ್ಷದ ದ್ವಾದಶಿ ಮುಗಿದು ತ್ರಯೋದಶಿ ಹಿಡಿಯುವ ಹೊತ್ತಿಗೆ ಅಲ್ಲಿ ಸೂರ್ಯ ಹುಟ್ಟುತ್ತಾನೆ. ಆಗ ಮಾತ್ರ ಕುಳಿಯ ಒಂದು ಅಂಚು ಹೊಳೆದು, ಒಳಗೆ ಕಪ್ಪು ನೆರಳು ತುಂಬಿಕೊಂಡು, ಸಣ್ಣ ಟೆಲಿಸ್ಕೋಪಿಗೂ ಸಿಗುತ್ತದೆ. ಮರುದಿನಕ್ಕೆ ನೆರಳು ಸಾಕಷ್ಟು ಕುಗ್ಗಿರುತ್ತದೆ. ಅದರ ಮರುದಿನ ಹುಡುಕುವುದೇ ದಂಡ.

ಹುಬ್ಬಳ್ಳಿ ತಾಲ್ಲೂಕಿನ ಸುಳ್ಳ ನನ್ನೂರು. ಬಿ.ಎಸ್ಸಿ. ಮುಗಿಸಿ ಎರಡು ವರ್ಷವಾಯಿತು. ಹಗಲು ಪ್ರಥಮ ದರ್ಜೆ ಸಹಾಯಕರ ಪರೀಕ್ಷೆಗೆ ಓದುತ್ತೇನೆ. ಗೆಳತಿಯರು ನಾಲ್ವರು ಸೇರಿ ಕೊಂಡ ನಾಲ್ಕೂವರೆ ಇಂಚಿನ ಟೆಲಿಸ್ಕೋಪ್ ನಮ್ಮ ಮನೆಯ ಮಾಳಿಗೆ ಮೇಲಿದೆ. ಚಂದ್ರನನ್ನು ನೋಡಲು ಕಗ್ಗತ್ತಲೆ ಬೇಕಿಲ್ಲ, ಹುಬ್ಬಳ್ಳಿ ಪೇಟೆಯ ಮಾಳಿಗೆಯೂ ನಡೆಯುತ್ತದೆ. ಒಂದು ಖಾಸಗಿ ಕಂಪನಿಯ ಸಂದರ್ಶನದಲ್ಲಿ ಹವ್ಯಾಸದ ಬಗ್ಗೆ ಕೇಳಿದರು, ಹೇಳಿದೆ. ಅದರಿಂದ ಏನು ಉಪಯೋಗ ಎಂದು ಕೇಳಿ ಮುಂದಿನ ಪ್ರಶ್ನೆಗೆ ಹೋದರು. ಮನೆಯಲ್ಲಿ ಅವ್ವನೂ ಬೇರೆ ಮಾತಿನಲ್ಲಿ ಅದನ್ನೇ ಕೇಳುತ್ತಾಳೆ. ಹಾಗಾಗಿ ರಾಮನ್ ಅವರ ಬದುಕನ್ನು ನಾನು ಓದಿದ್ದು ನೊಬೆಲ್ ಪ್ರಶಸ್ತಿಗಾಗಿ ಅಲ್ಲ. ಅವರು 10 ವರ್ಷ ಸರ್ಕಾರಿ ಲೆಕ್ಕಪತ್ರ ಇಲಾಖೆಯ ನೌಕರರಾಗಿದ್ದರು ಎಂಬ ಒಂದೇ ಕಾರಣಕ್ಕೆ.

ಅವರು ಹುಟ್ಟಿದ್ದು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಭೌತಶಾಸ್ತ್ರ, ಗಣಿತ ಕಲಿಸುವ ಮೇಷ್ಟ್ರು. ಕೆಲಸದ ಮೇಲೆ ಅವರು ವಿಶಾಖಪಟ್ಟಣಕ್ಕೆ ಹೋದಾಗ ಮನೆಯೂ ಅಲ್ಲಿಗೆ ಹೋಯಿತು. ಹುಡುಗ 11ನೇ ವಯಸ್ಸಿಗೆ ಮೆಟ್ರಿಕ್ ಮುಗಿಸಿದ. 1904ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಬಿ.ಎ. ಪದವಿ ಪಡೆದ, ಭೌತಶಾಸ್ತ್ರದಲ್ಲಿ ಚಿನ್ನದ ಪದಕವೂ ಬಂತು. ಮುಂದಿನ ಓದಿಗೆ ಇಂಗ್ಲೆಂಡಿಗೆ ಹೋಗಬೇಕಿತ್ತು. ಪರೀಕ್ಷಿಸಿದ ಸರ್ಕಾರಿ ವೈದ್ಯರು ಈ ಸಣಕಲು ದೇಹ ಅಲ್ಲಿಯ ಚಳಿ ತಡೆಯುವುದಿಲ್ಲ ಎಂದರು. ಹೋಗುವ ಮಾತು ಅಲ್ಲಿಗೇ ನಿಂತಿತು. ಎಂ.ಎ. ಕೂಡ ಮದ್ರಾಸಿನಲ್ಲೇ ಆಯಿತು.

ಬಿ.ಎಸ್ಸಿ. ಓದಿದವರೆಲ್ಲ ಲ್ಯಾಬಿನಲ್ಲಿ ಸ್ಪೆಕ್ಟ್ರೋಮೀಟರ್ ಹಿಡಿದಿರುತ್ತಾರೆ. ಪಟ್ಟಕದ ಕೋನ ಅಳೆದು, ರೆಕಾರ್ಡ್ ಬರೆದು, ಸಹಿ ಹಾಕಿಸಿಕೊಂಡು ಬರುತ್ತೇವೆ. ಅದರಲ್ಲಿರುವ ಪುಟ್ಟ ಟೆಲಿಸ್ಕೋಪಿನೊಳಗೆ ರಾಮನ್ ಕೂಡ ಇಣುಕಿದರು. ಬೆಳಕಿನ ಪಟ್ಟೆಗಳು ಎರಡೂ ಬದಿಗೆ ಒಂದೇ ಸಮನಾಗಿ ಬಿದ್ದಿಲ್ಲ ಎಂಬುದು ಅವರ ಕಣ್ಣಿಗೆ ಬಿತ್ತು. ಪಠ್ಯದಲ್ಲಿ ಅದರ ಮಾತಿರಲಿಲ್ಲ. ಅದನ್ನೇ ಹಿಡಿದು ಬರೆದ ಪ್ರಬಂಧ 1906ರ ನವೆಂಬರಿನಲ್ಲಿ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್‌ನಲ್ಲಿ ಅಚ್ಚಾಯಿತು. ಆಗ ಅವರಿಗೆ 18 ವರ್ಷ. ಟೆಲಿಸ್ಕೋಪ್ ಎಷ್ಟು ಸಣ್ಣದನ್ನು ಬಿಡಿಸಿ ತೋರಿಸಬಲ್ಲದು ಎಂಬ ನಿಯಮಕ್ಕೆ ಲಾರ್ಡ್ ರ‍್ಯಾಲಿ ಅವರ ಹೆಸರಿದೆ. ಮುಂದೆ ರಾಮನ್ ಅವರೊಡನೆ ಪತ್ರ ವ್ಯವಹಾರ ಮಾಡಿದ ರ‍್ಯಾಲಿ ಈ ಹುಡುಗನನ್ನು ಪ್ರೊಫೆಸರ್ ಎಂದೇ ಭಾವಿಸಿದ್ದರಂತೆ. ಆ ನಿಯಮದ ಪ್ರಕಾರ ನಮ್ಮ ನಾಲ್ಕೂವರೆ ಇಂಚು ಚಂದ್ರನ ಮೇಲೆ ಸುಮಾರು ಎರಡು ಕಿಲೋಮೀಟರಿನ ವಿವರವನ್ನು ಬಿಡಿಸಬೇಕು. ಗಾಳಿ ಸ್ಥಿರವಾಗಿದ್ದರೆ ಎಂಬ ಷರತ್ತು ಬೇರೆ. ಬೇಸಿಗೆಯಲ್ಲಿ ನಮ್ಮ ಎರಿ ಹೊಲಗಳು ಹಗಲು ಕುಡಿದ ಬಿಸಿಲನ್ನು ರಾತ್ರಿ 10ರವರೆಗೂ ಬಿಡುತ್ತಲೇ ಇರುತ್ತವೆ. ಆಗ ಚಂದ್ರ ಹಳ್ಳದ ನೀರಿನೊಳಗಿನ ಕಲ್ಲಿನ ಹಾಗೆ ನಡುಗುತ್ತಾನೆ.

ಅಂದಿನ ಭಾರತದಲ್ಲಿ ವಿಜ್ಞಾನ ಓದಿದವನಿಗೆ ವಿಜ್ಞಾನದ ಕೆಲಸ ಸಿಗುವುದು ದುರ್ಲಭವಾಗಿತ್ತು. ಅಣ್ಣ ಸುಬ್ರಹ್ಮಣ್ಯ ಅಯ್ಯರ್ ಆಗಲೇ ಹಣಕಾಸು ಇಲಾಖೆಯಲ್ಲಿದ್ದರು. (ಈ ಅಣ್ಣನ ಮಗನೇ ನಕ್ಷತ್ರಗಳ ಅಧ್ಯಯನಕ್ಕೆ ಮುಂದೆ ನೊಬೆಲ್ ಪಡೆದ ಎಸ್. ಚಂದ್ರಶೇಖರ್.) ತಮ್ಮನೂ ಅದೇ ಪರೀಕ್ಷೆಗೆ ಕೂತರು. ಭೌತಶಾಸ್ತ್ರ ಬಿಟ್ಟು ಇತಿಹಾಸ, ಅರ್ಥಶಾಸ್ತ್ರ, ಸಂಸ್ಕೃತ ಓದಬೇಕಾಯಿತು. ಸಾಮಾನ್ಯ ಜ್ಞಾನದ ಪುಸ್ತಕ ಬಾಯಿಪಾಠ ಮಾಡುತ್ತಿರುವ ನಮಗೆ ಇದು ಬೇರೆ ಹೇಳಬೇಕಾದ ಸಂಗತಿಯಲ್ಲ. ಫಲಿತಾಂಶ ಬಂದಾಗ ಅವರೇ ಮೊದಲಿಗರು. ಅದೇ 1907ರಲ್ಲಿ ಲೋಕಸುಂದರಿ ಅವರೊಡನೆ ಮದುವೆಯಾಯಿತು. ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಹುದ್ದೆಗೆ ಸೇರಿದಾಗ ಅವರಿಗಿನ್ನೂ 19 ತುಂಬಿರಲಿಲ್ಲ.

ಕತೆ ಇಲ್ಲಿಗೇ ಮುಗಿದಿದ್ದರೆ ಅಚ್ಚರಿಯೇನೂ ಇರಲಿಲ್ಲ. ಕಾಯಂ ನೌಕರಿ, ಒಳ್ಳೆ ಸಂಬಳ, ಹೊಸ ಸಂಸಾರ. ಆದರೆ ಒಂದು ದಿನ ಟ್ರ್ಯಾಮಿನಲ್ಲಿ ಹೋಗುವಾಗ ಬೌಬಜಾರ್ ಬೀದಿಯ 210ನೇ ನಂಬರಿನ ಕಟ್ಟಡದ ಮೇಲೆ ಒಂದು ಬೋರ್ಡು ಕಂಡಿತು. ಅದು ವಿಜ್ಞಾನದ ಬೆಳವಣಿಗೆಗಾಗಿ ಡಾ. ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ ಸಂಸ್ಥೆ. ಉಪಕರಣಗಳಿದ್ದವು, ಬಳಸುವವರು ಇರಲಿಲ್ಲ. ರಾಮನ್ ಒಳಗೆ ಹೋಗಿ ಅನುಮತಿ ಕೇಳಿದರು. ಸ್ಥಾಪಕರ ಮಗ ಅಮೃತಲಾಲ್ ಸರ್ಕಾರ್ ಬಾಗಿಲು ತೆರೆದರು. ಆಶುತೋಷ್ ಡೇ ಎಂಬ ಸಹಾಯಕ ಜೊತೆಯಾದ. ಎಲ್ಲರಿಗೂ ಅವನು ಆಶು ಬಾಬು. ಕಾಲೇಜಿನ ಮೆಟ್ಟಿಲು ಹತ್ತದ ಈ ಮನುಷ್ಯನ ಹೆಸರು ಮುಂದೆ ರಾಮನ್ ಅವರ ಪ್ರಬಂಧಗಳಲ್ಲೂ ಬಂತು.

ಆ ವರ್ಷಗಳ ದಿನಚರಿಯನ್ನು ನಾನು ನನ್ನ ಓದಿನ ಟೇಬಲ್ ಎದುರು ಅಂಟಿಸಿಕೊಂಡಿದ್ದೇನೆ. ನಸುಕಿನ ಐದೂವರೆಗೆ ಪ್ರಯೋಗಾಲಯ. ಒಂಬತ್ತೂಮುಕ್ಕಾಲಿಗೆ ಮನೆ, ಸ್ನಾನ, ಗಬಗಬ ಊಟ, ತಡವಾಗದಂತೆ ಬಾಡಿಗೆ ಗಾಡಿ ಹಿಡಿದು ಆಫೀಸು. ಸಂಜೆ 5ಕ್ಕೆ ಆಫೀಸಿನಿಂದ ನೇರ ಪ್ರಯೋಗಾಲಯ, ರಾತ್ರಿ ಒಂಬತ್ತೂವರೆ ಹತ್ತಕ್ಕೆ ಮನೆ. ಭಾನುವಾರ ಇಡೀ ದಿನ ಅಲ್ಲೇ. ಹೀಗೆ 10 ವರ್ಷ. ನಡುವೆ ರಂಗೂನಿಗೆ ವರ್ಗವಾಯಿತು, ಆಮೇಲೆ ನಾಗಪುರಕ್ಕೆ. ಹೋದಲ್ಲಿ ಮನೆಯನ್ನೇ ಪ್ರಯೋಗಾಲಯ ಮಾಡಿಕೊಂಡರು. 1911ರಲ್ಲಿ ಮತ್ತೆ ಕಲ್ಕತ್ತೆ. ಈ ಅವಧಿಯಲ್ಲಿ ಅವರು ಪ್ರಕಟಿಸಿದ ಪ್ರಬಂಧಗಳು ಇಪ್ಪತ್ತಕ್ಕೂ ಹೆಚ್ಚು. ಆಫೀಸಿನ ಕೆಲಸದಲ್ಲೂ ಮೇಲಧಿಕಾರಿಗಳಿಗೆ ಅವರ ಮೇಲೆ ದೂರಿರಲಿಲ್ಲ, ದೊಡ್ಡ ಹುದ್ದೆಗೆ ಏರುವ ದಾರಿಯಲ್ಲೇ ಇದ್ದರು.

ಇಷ್ಟನ್ನು ಓದಿ ಉಬ್ಬುವ ಮೊದಲು ಒಂದು ಮಾತು. ಆ ದಿನಚರಿಯ ಹಿಂದೆ ಲೋಕಸುಂದರಿ ಅವರಿದ್ದಾರೆ. ಒಂಬತ್ತೂಮುಕ್ಕಾಲಿಗೆ ಬಂದವನಿಗೆ ಬಿಸಿ ಅನ್ನ ಸಿದ್ಧವಿರಬೇಕಾದರೆ ಯಾರೋ ಒಬ್ಬರು ನಸುಕಿನಿಂದ ಒಲೆ ಮುಂದೆ ಕೂತಿರಬೇಕು. ನೌಕರಿ ಸಿಕ್ಕ ಮೇಲೆ ನನಗೆ ಅಂಥ ಅನ್ನ ಬಡಿಸುವವರು ಯಾರು ಎಂಬ ಪ್ರಶ್ನೆ ಆ ಚೀಟಿಯನ್ನು ನೋಡಿದಾಗಲೆಲ್ಲ ಏಳುತ್ತದೆ. ಉತ್ತರ ಇನ್ನೂ ಸಿಕ್ಕಿಲ್ಲ.

1917ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಆಶುತೋಷ್ ಮುಖರ್ಜಿ ಅವರು ಭೌತಶಾಸ್ತ್ರದ ಪಾಲಿತ್ ಪ್ರಾಧ್ಯಾಪಕ ಹುದ್ದೆಗೆ ರಾಮನ್ ಅವರನ್ನು ಕರೆದರು. ಸಂಬಳ ಆಗ ಬರುತ್ತಿದ್ದುದರ ಹೆಚ್ಚುಕಡಿಮೆ ಅರ್ಧ. ಆ ಹುದ್ದೆಗೆ ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ನಿಯಮವೂ ಇತ್ತು. ಹೋಗಲಾರೆ ಎಂದು ರಾಮನ್ ಕೂತರು, ವಿಶ್ವವಿದ್ಯಾಲಯ ನಿಯಮ ಸಡಿಲಿಸಿತು. ಅವರು ಸರ್ಕಾರಿ ನೌಕರಿ ಬಿಟ್ಟರು. ಅವರ ಜೀವನದಲ್ಲಿ ನೊಬೆಲ್‌ಗಿಂತ ದೊಡ್ಡ ದಿನ ಇದೇ ಎಂದು ನನಗನ್ನಿಸುತ್ತದೆ. ಆದರೆ ಗಮನಿಸಿ, ಮೊದಲ ದಿನವೇ ನೌಕರಿಗೆ ಕೈ ಮುಗಿದವರಲ್ಲ ಅವರು. 10 ವರ್ಷ ಎರಡೂ ಬಂಡಿ ಎಳೆದ ಮೇಲೆ, ಇನ್ನೊಂದು ಬಾಗಿಲು ತೆರೆದ ಮೇಲೆ ಬಿಟ್ಟರು. ಭಾಷಣಕಾರರು ಈ 10 ವರ್ಷವನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ.

1921ರಲ್ಲಿ ಅವರು ಮೊದಲ ಸಲ ಇಂಗ್ಲೆಂಡಿಗೆ ಹೋದರು, ಆಕ್ಸ್‌ಫರ್ಡಿನ ಒಂದು ಸಮ್ಮೇಳನಕ್ಕೆ. ಹಡಗಿನಿಂದ ಕಂಡ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಸಮುದ್ರದ ನೀಲಿ ಎಂದರೆ ಆಕಾಶದ ಪ್ರತಿಬಿಂಬ, ಅಷ್ಟೇ ಎಂದು ರ‍್ಯಾಲಿ ಹೇಳಿದ್ದರು. ರಾಮನ್ ಬಳಿ ನಿಕೋಲ್ ಪಟ್ಟಕ ಎಂಬ ಸಣ್ಣ ಸಾಧನವಿತ್ತು. ನೀರಿನ ಮೇಲಿಂದ ಓರೆಯಾಗಿ ಪ್ರತಿಫಲಿಸಿದ ಬೆಳಕನ್ನು ಅದು ಒಂದು ಕೋನದಲ್ಲಿ ತಡೆಯುತ್ತದೆ. ಹಡಗಿನ ಕಟಾಂಜನದ ಬಳಿ ನಿಂತು ಅದರಿಂದ ನೋಡಿದರೆ, ಆಕಾಶದ ಪ್ರತಿಬಿಂಬ ಅಳಿದ ಮೇಲೂ ನೀಲಿ ಉಳಿಯಿತು, ಇನ್ನೂ ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂದಾಯಿತು. ಮರಳಿ ಬಂದ ಹಡಗು ಮುಂಬಯಿ ಬಂದರಿನಲ್ಲಿ ನಿಂತಾಗಲೇ ನೇಚರ್ ಪತ್ರಿಕೆಗೆ ಪತ್ರ ಹೊರಟಿತು. ಚಂದ್ರನ ಕಣ್ಣು ಕುಕ್ಕುವ ಬೆಳಕನ್ನು ತಗ್ಗಿಸಲು ಇಂದು ಹವ್ಯಾಸಿಗಳು ಐಪೀಸಿಗೆ ತಿರುಗಿಸಿ ಕೂರಿಸುವ ಧ್ರುವಕ ಫಿಲ್ಟರ್ ಆ ಪಟ್ಟಕದ ದೂರದ ಸಂಬಂಧಿ.

ಅಲ್ಲಿಂದ ಏಳು ವರ್ಷ ಅವರು, ಅವರ ವಿದ್ಯಾರ್ಥಿಗಳು ಚದುರಿದ ಬೆಳಕನ್ನೇ ಬೆನ್ನು ಹತ್ತಿದರು. 1928ರ ಪ್ರಯೋಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಅದರ ನಡುವೆ ಒಂದು ಟೆಲಿಸ್ಕೋಪಿನ ಮಸೂರವಿದೆ. 18 ಸೆಂ.ಮೀ. ಅಗಲದ್ದು, ಅಂದರೆ 7 ಇಂಚು. ನಕ್ಷತ್ರ ನೋಡಲು ಮಾಡಿದ ಮಸೂರವನ್ನು ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಸೂರ್ಯನ ಬೆಳಕು ಒಟ್ಟುಗೂಡಿಸಲು ಬಳಸಿದರು. ಆ ಬೆಳಕನ್ನು ನೇರಳೆ-ನೀಲಿ ಬಣ್ಣವನ್ನಷ್ಟೇ ಬಿಡುವ ಗಾಜಿನಿಂದ ದಾಟಿಸಿ, ಧೂಳಿಲ್ಲದಂತೆ ಶುದ್ಧ ಮಾಡಿದ ದ್ರವಕ್ಕೆ ಹಾಯಿಸಿದರು. ಕತ್ತಲೆ ಕೋಣೆಯಲ್ಲಿ ದ್ರವದೊಳಗೆ ಬೆಳಕಿನ ಒಂದು ಗೆರೆ ಕಾಣುತ್ತದೆ. ಇನ್ನು ಎರಡನೆಯ ಗಾಜು. ಇದು ಹಳದಿ-ಹಸಿರನ್ನು ಬಿಡುತ್ತದೆ, ನೇರಳೆಯನ್ನು ಪೂರ್ತಿ ತಡೆಯುತ್ತದೆ. ಇದನ್ನು ದ್ರವಕ್ಕೆ ಬೆಳಕು ತಲುಪುವ ಮೊದಲೇ ಇಟ್ಟರೆ ಗೆರೆ ಮಾಯ. ಸರಿಯೇ, ಎರಡು ಗಾಜು ಸೇರಿ ಎಲ್ಲವನ್ನೂ ತಡೆದವು. ಅದೇ ಗಾಜನ್ನು ದ್ರವಕ್ಕೂ ಕಣ್ಣಿಗೂ ನಡುವೆ ಇಟ್ಟರೆ? ಆಗಲೂ ಮಾಯವಾಗಬೇಕಿತ್ತು. ಆಗಲಿಲ್ಲ. ಅತಿ ಮಂದವಾದ ಒಂದು ಗೆರೆ ಉಳಿಯಿತು. ದ್ರವದೊಳಗೆ ಹೋಗುವಾಗ ಇರದ ಬಣ್ಣ ಹೊರಗೆ ಬರುವಾಗ ಇತ್ತು.

ಸುಮಾರು 60 ದ್ರವಗಳಲ್ಲಿ ಇದನ್ನು ನೋಡಿದರು. ಫೆಬ್ರುವರಿ 28ರಂದು ಸ್ಪೆಕ್ಟ್ರೋಸ್ಕೋಪ್ ಇಟ್ಟು ನೋಡಿದಾಗ ಹೊಸ ಬೆಳಕು ಮೂಲ ಬೆಳಕಿನಿಂದ ಬೇರೆಯಾಗಿ, ನಡುವೆ ಕತ್ತಲ ಸಂದು ಬಿಟ್ಟು ನಿಂತಿತ್ತು. ಅಣುವಿಗೆ ತಾಗಿದ ಬೆಳಕು ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಅದಕ್ಕೆ ಕೊಟ್ಟು ಬಣ್ಣ ಬದಲಿಸಿಕೊಳ್ಳುತ್ತದೆ. ಬಿದ್ದ ಬೆಳಕಿನ ಕೋಟಿ ಕಣಗಳಲ್ಲಿ ಒಂದಕ್ಕೆ ಹೀಗಾದರೆ ಹೆಚ್ಚು. ಇದನ್ನು ಮೊದಲು ಹಿಡಿದದ್ದು ಕತ್ತಲೆಗೆ ಒಗ್ಗಿಸಿಕೊಂಡ ಬರಿಗಣ್ಣು. ಆ ಉಪಕರಣಗಳಿಗೆ ತಗುಲಿದ ವೆಚ್ಚ ಕೆಲವೇ ನೂರು ರೂಪಾಯಿ ಎನ್ನುತ್ತಾರೆ. ಅದೇ ತಿಂಗಳುಗಳಲ್ಲಿ ಮಾಸ್ಕೋದಲ್ಲಿ ಲಾಂಡ್ಸ್‌ಬರ್ಗ್ ಮತ್ತು ಮಂಡೆಲ್‌ಸ್ಟಾಮ್ ಸ್ಫಟಿಕದಲ್ಲಿ ಇದನ್ನೇ ಕಂಡಿದ್ದರು. ಅವರು ಪ್ರಕಟಿಸುವಷ್ಟರಲ್ಲಿ ಕಲ್ಕತ್ತೆಯ ಪತ್ರಗಳು ಹೊರಟುಹೋಗಿದ್ದವು. ರಾಮನ್ ಈ ಸಂಶೋಧನೆಯನ್ನು ವಿಜ್ಞಾನಿಗಳ ಮುಂದೆ ವಿವರವಾಗಿ ಇಟ್ಟದ್ದು ಮಾತ್ರ ನಮ್ಮ ಬೆಂಗಳೂರಿನಲ್ಲಿ, 1928ರ ಮಾರ್ಚ್ 16ರಂದು, ಸೆಂಟ್ರಲ್ ಕಾಲೇಜಿನ ಸಭೆಯಲ್ಲಿ. 1930ರಲ್ಲಿ ನೊಬೆಲ್ ಬಂತು. ವಿಜ್ಞಾನಕ್ಕೆ ಏಷ್ಯಾದವರೊಬ್ಬರಿಗೆ ಬಂದ ಮೊದಲ ನೊಬೆಲ್ ಅದು. ಕೃಷ್ಣನ್ ಹೆಸರು ಅದರಲ್ಲಿ ಇರಲಿಲ್ಲ.

ಚಂದ್ರನನ್ನು ನೋಡುವುದೂ ಹೀಗೆಯೇ, ಬೆಳಕಿನ ನಡುವೆ ಮಂದವಾದುದನ್ನು ಹುಡುಕುವ ಕೆಲಸ. ತಗ್ಗಾದ ದಿಬ್ಬಗಳು, ಲಾವಾ ಬಯಲಿನ ಸುಕ್ಕುಗಳು, ಕೂದಲೆಳೆಯಂಥ ಸೀಳುಗಳು ಓರೆ ಬಿಸಿಲಿನಲ್ಲಿ ಮಾತ್ರ ನೆರಳು ಚೆಲ್ಲುತ್ತವೆ. ಸಂಜೆ ಬಿಸಿಲಿನಲ್ಲಿ ಹೊಲದ ಸಾಲುಗಳು ಎದ್ದು ಕಾಣುವ ಹಾಗೆ. ಮಧ್ಯಾಹ್ನ ಅದೇ ಹೊಲ ಚಪ್ಪಟೆ. ಚಂದ್ರನ ಮೇಲೆ ಬೆಳಗಿನ ಗೆರೆ ತಾಸಿಗೆ ಹದಿನೈದು ಕಿಲೋಮೀಟರಿನಷ್ಟು ಮಾತ್ರ ಸರಿಯುವುದರಿಂದ, ಕೂತಲ್ಲೇ ಕೂತು ಸೂರ್ಯೋದಯ ನೋಡಬಹುದು. ರಾಮನ್ ಕುಳಿಗೆ ದಾರಿ ಹೀಗೆ: ಮೊದಲು ಅರಿಸ್ಟಾರ್ಕಸ್ ಎಂಬ ಅತಿ ಬಿಳುಪಾದ ಕುಳಿ, ಅದರ ಪಕ್ಕ ಹೆರೊಡೋಟಸ್, ಅಲ್ಲಿಂದ ಹಾವಿನಂತೆ ಹರಿದ ಶ್ರೋಟರ್ ಕಣಿವೆ. ಅದನ್ನೂ ದಾಟಿ ವಾಯವ್ಯಕ್ಕೆ ಹೋಗಬೇಕು. ನ್ಯೂಟನ್ ಮಾದರಿಯ ಟೆಲಿಸ್ಕೋಪಿನಲ್ಲಿ ಚಿತ್ರ ತಲೆಕೆಳಗಾಗಿರುವುದರಿಂದ ನಕ್ಷೆಯನ್ನೂ ತಿರುಗಿಸಿ ಹಿಡಿಯಿರಿ. ಚಂದ್ರನ ಅಂಚಿಗೆ ಹತ್ತಿರವಿರುವ ಕಾರಣ ಕುಳಿ ದುಂಡಗೆ ಕಾಣದು, ಹೆಸರುಕಾಳಿನ ಹಾಗೆ ನೀಳವಾಗಿರುತ್ತದೆ. ಮೂರು ತಿಂಗಳ ತ್ರಯೋದಶಿಗಳಲ್ಲಿ ಎರಡು ಮೋಡಕ್ಕೆ ಹೋದವು. ಮೂರನೆಯದರಲ್ಲಿ ಸಿಕ್ಕಿತು.

1933ರಲ್ಲಿ ರಾಮನ್ ಬೆಂಗಳೂರಿಗೆ ಬಂದರು, ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ. ಆಮೇಲೆ 37 ವರ್ಷ ಇಲ್ಲಿಯವರೇ. ಆ ಮೊದಲ ವರ್ಷವೇ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಮೊದಲಿಗಳಾಗಿ ಬಂದ ಕಮಲಾ ಭಾಗವತ್ ಎಂಬ ಹುಡುಗಿ (ಮುಂದೆ ಕಮಲಾ ಸೊಹೊನಿ) ಪ್ರವೇಶ ಕೇಳಿದಾಗ, ಹೆಣ್ಣು ಎಂಬ ಕಾರಣಕ್ಕೆ ಅವರು ನಿರಾಕರಿಸಿದರು. ಅವಳು ಕದಲಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ, ಷರತ್ತುಗಳ ಮೇಲೆ ಸೇರಿಸಿಕೊಂಡರು. ಅವಳ ಕೆಲಸ ನೋಡಿದ ಮೇಲೆ ಮನಸ್ಸು ಬದಲಾಯಿತು, ಹುಡುಗಿಯರಿಗೆ ಬಾಗಿಲು ತೆರೆಯಿತು. ಸೊಹೊನಿ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಪಡೆದು ಬಂದರು. 1940ರಲ್ಲಿ ರಾಮನ್ ಅವರ ಪ್ರಯೋಗಾಲಯಕ್ಕೇ ಅಣ್ಣಾ ಮಣಿ ಬಂದು ವಜ್ರಗಳ ಮೇಲೆ ಕೆಲಸ ಮಾಡಿದರು. ಮಂದ ಬೆಳಕನ್ನು ಅಷ್ಟು ಚೆನ್ನಾಗಿ ಕಂಡ ಕಣ್ಣಿಗೆ ಎದುರು ನಿಂತ ಹುಡುಗಿ ಕಾಣಲು ಒಂದು ವರ್ಷ ಬೇಕಾಯಿತು. ಅವರ ಜೀವನ ಬರೆಯುವವರು ಇದನ್ನು ಬಿಟ್ಟು ಬರೆಯಬಾರದು ಎಂಬುದು ನನ್ನ ಹಟ.

ಆಡಳಿತ ಅವರಿಗೆ ಒಗ್ಗಲಿಲ್ಲ. ತಮಗೆ ಅನಿಸಿದ್ದನ್ನು ಮುಖಕ್ಕೆ ಹೇಳುವ ಸ್ವಭಾವ, ಭೌತಶಾಸ್ತ್ರದ ಮೇಲೆ ತುಸು ಹೆಚ್ಚೇ ಪ್ರೀತಿ. ವಿಚಾರಣಾ ಸಮಿತಿ ಬಂತು. 1937ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟು, ಪ್ರಾಧ್ಯಾಪಕರಾಗಿ 1948ರವರೆಗೆ ಉಳಿದರು. ನಿವೃತ್ತಿಯ ಮೇಲೆ, ಮೈಸೂರು ಸರ್ಕಾರ ಮೊದಲೇ ಕೊಟ್ಟಿದ್ದ ಜಾಗದಲ್ಲಿ ದೇಣಿಗೆ ಎತ್ತಿ ಸ್ವಂತ ಸಂಸ್ಥೆ ಕಟ್ಟಿದರು. ಸರ್ಕಾರದ ಹಣವನ್ನು ಅದಕ್ಕೆ ತೆಗೆದುಕೊಳ್ಳಲು ಒಲ್ಲೆ ಎಂದರು. 1954ರಲ್ಲಿ ಭಾರತರತ್ನ ಬಂತು. ಹೂವಿನ ಬಣ್ಣ, ರತ್ನಗಳ ಹೊಳಪು, ಕೊನೆಗೆ ನೋಡುವ ಕಣ್ಣೇ ಅವರ ಸಂಶೋಧನೆಯ ವಸ್ತುವಾಯಿತು. ದೃಷ್ಟಿಯ ಬಗ್ಗೆ ಬರೆದ ಪುಸ್ತಕ 1968ರಲ್ಲಿ ಹೊರಬಂದಾಗ ಅವರಿಗೆ 80ರ ಹತ್ತಿರ. ಅವರ ಕೆಲವು ಸಿದ್ಧಾಂತಗಳನ್ನು ಬೇರೆ ವಿಜ್ಞಾನಿಗಳು ಒಪ್ಪಲಿಲ್ಲ, ಅವರೂ ಬಗ್ಗಲಿಲ್ಲ.

1970ರ ಅಕ್ಟೋಬರ್ 2ರಂದು ಗಾಂಧಿ ಸ್ಮಾರಕ ಉಪನ್ಯಾಸ ಕೊಟ್ಟರು. ಅದೇ ಕೊನೆಯದು. ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದವರು ಅಲ್ಲಿರಲು ಒಪ್ಪದೆ ಸಂಸ್ಥೆಗೆ ಮರಳಿ ಬಂದು, ನವೆಂಬರ್ 21ರ ಬೆಳಗ್ಗೆ ತೀರಿಕೊಂಡರು. ಸಂಸ್ಕಾರವಾದದ್ದೂ ಅದೇ ತೋಟದಲ್ಲಿ. ಅಲ್ಲಿ ಸಮಾಧಿ ಇಲ್ಲ, ಒಂದು ಮರವಿದೆ.

ಚಂದ್ರನ ಕುಳಿಗಳಿಗೆ ಸಾಮಾನ್ಯವಾಗಿ ತೀರಿಕೊಂಡವರ ಹೆಸರನ್ನೇ ಇಡುತ್ತಾರೆ. ರಾಮನ್ ಕುಳಿ ಅದಕ್ಕೂ ಮೊದಲು ಬರೀ ಹೆರೊಡೋಟಸ್-ಡಿ ಆಗಿತ್ತು. ಬೆಂಗಳೂರಿನಲ್ಲಿ ಅವರ ಜೊತೆ ಕಾಸ್ಮಿಕ್ ಕಿರಣಗಳ ಮೇಲೆ ಕೆಲಸ ಮಾಡಿದ ಇಬ್ಬರು ತರುಣರೂ ಚಂದ್ರನ ಮೇಲಿದ್ದಾರೆ. ವಿಕ್ರಂ ಸಾರಾಭಾಯಿ ಅವರದು 8 ಕಿಲೋಮೀಟರಿನ ಪುಟ್ಟ ಕುಳಿ, ಷಷ್ಠಿ ಸಪ್ತಮಿಯ ಸಂಜೆ ಸಿಗುತ್ತದೆ. ಹೋಮಿ ಭಾಭಾ ಅವರದು ಬಹಳ ದೊಡ್ಡದು, 60 ಕಿಲೋಮೀಟರಿಗೂ ಮಿಕ್ಕಿ ಅಗಲ. ಆದರೆ ಅದು ಚಂದ್ರನ ಆಚೆ ಬದಿಗಿದೆ, ಯಾವ ತಿಥಿಗೂ ನಮ್ಮ ಮಾಳಿಗೆಯಿಂದ ಕಾಣುವುದಿಲ್ಲ.